ಹರಿದ ಹಾಳೆ ಎಷ್ಟು ಭಾರ ಹೊತ್ತೀತು? ಆದಿ ಕ್ರೈಸ್ತ ಗ್ರಂಥಗಳ ಕಾಲ ಮತ್ತು ಕರ್ತೃತ್ವದ ಜಗಳಗಳು

(ಮಂಗಳೂರಿನಲ್ಲಿ ನೀಡಿದ ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಪುನರುಕ್ತಿಗಳನ್ನು ತೆಗೆದು, ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನು ಉಳಿಸಿಕೊಳ್ಳಲಾಗಿದೆ.)

ಎಲ್ಲರಿಗೂ ನಮಸ್ಕಾರ. ಸತ್ಯವೇದವನ್ನು ದಿನವೂ ಓದುವವರು ಈ ಸಭೆಯಲ್ಲಿದ್ದೀರಿ, ಒಮ್ಮೆಯೂ ತೆರೆದು ನೋಡದವರೂ ಇದ್ದೀರಿ. ಇಬ್ಬರಿಗೂ ಮೊದಲೇ ಹೇಳಿಬಿಡುತ್ತೇನೆ: ಇವತ್ತು ದೇವರ ವಿಚಾರ ನನ್ನದಲ್ಲ. ಹಾಳೆ, ಮಸಿ, ಅಕ್ಷರ, ಮತ್ತು ದೀಪದ ಬೆಳಕಿನಲ್ಲಿ ಕುಳಿತು ನಕಲು ಮಾಡಿದ ಹೆಸರಿಲ್ಲದ ಲಿಪಿಕಾರರು, ಇವರ ಬಗ್ಗೆ ಮಾತಾಡಲು ಬಂದಿದ್ದೇನೆ.

ಸತ್ಯವೇದದಲ್ಲಿ ಯೇಸುವಿನ ಬದುಕನ್ನು ಹೇಳುವ ನಾಲ್ಕು ಪುಸ್ತಕಗಳಿಗೆ ಸುವಾರ್ತೆಗಳು ಎಂದು ಹೆಸರು. ‘ಸುವಾರ್ತೆಗಳನ್ನು ನಂಬಬಹುದೇ?’ ಎಂದು ಜನ ಕೇಳುತ್ತಾರೆ. ಇದು ಒಂದೇ ಪ್ರಶ್ನೆಯಂತೆ ಕೇಳಿಸುತ್ತದೆ. ಬಿಚ್ಚಿ ನೋಡಿದರೆ ಒಳಗೆ ಮೂರಿವೆ. ನಮ್ಮ ಕೈಗೆ ಬಂದಿರುವ ಪಾಠ ಮೊದಲು ಬರೆದದ್ದಕ್ಕೆ ಹತ್ತಿರವಿದೆಯೇ? ಗ್ರಂಥದ ಮೇಲಿರುವ ಹೆಸರಿನವನೇ ಅದನ್ನು ಬರೆದನೇ? ಬರೆದ ಸಂಗತಿ ನಿಜವಾಗಿ ನಡೆಯಿತೇ? ವಾದಕ್ಕೆ ನಿಂತವರು ಒಂದಕ್ಕೆ ಸಿಕ್ಕ ಉತ್ತರವನ್ನು ಎತ್ತಿಕೊಂಡು ಇನ್ನೊಂದರ ಮೇಲೆ ಇಟ್ಟುಬಿಡುತ್ತಾರೆ. ‘ಐದು ಸಾವಿರಕ್ಕೂ ಹೆಚ್ಚು ಗ್ರೀಕ್ ಹಸ್ತಪ್ರತಿಗಳಿವೆ, ಆದ್ದರಿಂದ ಪುನರುತ್ಥಾನ ನಿಜ’ ಎನ್ನುವವರು ಒಂದು ಕಡೆ. ‘ಪ್ರತಿಯಿಂದ ಪ್ರತಿಗೆ ಮಾತು ಬದಲಾಗುವ ಪಾಠಾಂತರಗಳು ಲಕ್ಷಗಟ್ಟಲೆ ಇವೆ, ಆದ್ದರಿಂದ ಯೇಸು ಎಂಬವನೇ ಇರಲಿಲ್ಲ’ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಹಾರುತ್ತಿರುವುದು ಒಂದೇ ಹಳ್ಳವನ್ನು, ಎದುರುಬದುರು ದಡಗಳಿಂದ.

ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಜಾನ್ ರೈಲ್ಯಾಂಡ್ಸ್ ಗ್ರಂಥಾಲಯದಲ್ಲಿ ಪಪೈರಸ್ ಎಂಬ ಜೊಂಡಿನ ಹಾಳೆಯ ಒಂದು ತುಣುಕಿದೆ. ಎತ್ತರ ಒಂಬತ್ತು ಸೆಂಟಿಮೀಟರಿಗೆ ತುಸು ಕಡಿಮೆ, ಅಗಲ ಸುಮಾರು ಆರು. ಅಂಗೈಯಲ್ಲಿ ಇಟ್ಟರೆ ಬೆರಳುಗಳು ಹೊರಗುಳಿಯುತ್ತವೆ. ವಿದ್ವಾಂಸರ ಲೆಕ್ಕದಲ್ಲಿ ಅದರ ಹೆಸರು ಪಿ-52. ಒಂದು ಬದಿಯಲ್ಲಿ ಏಳು ಸಾಲುಗಳ ಚೂರು, ಮಗುಚಿದರೆ ಇನ್ನೂ ಏಳು. ಯೋಹಾನನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯ, ರೋಮನ್ ಅಧಿಪತಿ ಪಿಲಾತನು ಯೇಸುವನ್ನು ವಿಚಾರಣೆ ಮಾಡುವ ಭಾಗ. ಎರಡೂ ಬದಿಯಲ್ಲಿ ಬರಹವಿರುವುದರಿಂದ ಅದು ಸುರುಳಿಯಿಂದ ಬಂದದ್ದಲ್ಲ, ಹಾಳೆ ಮಡಚಿ ಹೊಲಿದ ಪುಸ್ತಕದಿಂದ ಹರಿದು ಬಂದದ್ದು ಎಂದು ಗೊತ್ತಾಗುತ್ತದೆ. ಒಂದು ಸಾಲಿನಲ್ಲಿ ಎಷ್ಟು ಅಕ್ಷರ ಹಿಡಿಸುತ್ತಿತ್ತು ಎಂದು ಲೆಕ್ಕ ಹಾಕಿದರೆ, ಹರಿದುಹೋದ ಭಾಗದಲ್ಲಿ ಏನಿತ್ತು, ಏನಿರಲು ಜಾಗವೇ ಇರಲಿಲ್ಲ ಎಂದೂ ಊಹಿಸಬಹುದು. ಮೂವತ್ತೇಳನೆಯ ವಚನದಲ್ಲಿ ಯೇಸು ‘ಇದಕ್ಕಾಗಿ ಹುಟ್ಟಿದ್ದೇನೆ, ಇದಕ್ಕಾಗಿ ಲೋಕಕ್ಕೆ ಬಂದಿದ್ದೇನೆ’ ಎನ್ನುತ್ತಾನಲ್ಲ, ಆ ಎರಡನೆಯ ‘ಇದಕ್ಕಾಗಿ’ ಈ ಪ್ರತಿಯಲ್ಲಿ ಇದ್ದಿರಲಾರದು. ಸಾಲು ಅಷ್ಟು ಉದ್ದವಿಲ್ಲ. ಇಲ್ಲದ ಹಾಳೆಯನ್ನು ಓದುವ ಈ ಕಲೆ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಈ ಚೂರನ್ನು ಬರ್ನಾರ್ಡ್ ಗ್ರೆನ್‌ಫೆಲ್ 1920ರಲ್ಲಿ ಈಜಿಪ್ಟಿನಲ್ಲಿ ಕೊಂಡರು. ಕಟ್ಟಿನೊಳಗೆ ಅದು ಹದಿನೈದು ವರ್ಷ ಸುಮ್ಮನೆ ಬಿದ್ದಿತ್ತು. 1935ರಲ್ಲಿ ಸಿ. ಎಚ್. ರಾಬರ್ಟ್ಸ್ ಅದನ್ನು ಗುರುತಿಸಿ ಪ್ರಕಟಿಸಿದಾಗ ದೊಡ್ಡ ಸದ್ದಾಯಿತು. ಕಾರಣವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಟ್ಯೂಬಿಂಗನ್‌ನ ಎಫ್. ಸಿ. ಬೌರ್, ಯೋಹಾನನ ಸುವಾರ್ತೆ ಕ್ರಿ.ಶ. 170ರ ಹೊತ್ತಿಗೆ ಹುಟ್ಟಿದ ತಡವಾದ ಕೃತಿ ಎಂದು ವಾದಿಸಿದ್ದರು. ರಾಬರ್ಟ್ಸ್ ಈ ಚೂರಿನ ಅಕ್ಷರಗಳನ್ನು ನೋಡಿ ಎರಡನೆಯ ಶತಮಾನದ ಮೊದಲರ್ಧ ಎಂದರು. ಈಜಿಪ್ಟಿನ ಊರೊಂದರಲ್ಲಿ ಆಗಲೇ ನಕಲು ಓಡಾಡುತ್ತಿತ್ತು ಎಂದರೆ ಮೂಲ ಇನ್ನೂ ಹಿಂದಿನದಾಗಿರಲೇಬೇಕು. ದಶಕಗಳ ಪಾಂಡಿತ್ಯವನ್ನು ಒಂದು ಚೂರು ಉರುಳಿಸಿತು ಎಂಬ ಮಾತು ಹುಟ್ಟಿಕೊಂಡಿತು. ಮುಂದೆ ಪಠ್ಯಪುಸ್ತಕಗಳಲ್ಲಿ ‘ಮೊದಲರ್ಧ’ ಹೋಗಿ ‘ಸುಮಾರು 125’ ಬಂತು. ಭಾಷಣಗಳಲ್ಲಿ ‘ಸುಮಾರು’ ಎಂಬುದೂ ಉದುರಿಹೋಯಿತು.

ರಾಬರ್ಟ್ಸ್ ಎಚ್ಚರದ ಮನುಷ್ಯ. ಆದರೆ ಅವರ ಕೈಯಲ್ಲಿದ್ದ ಸಾಧನ ಯಾವುದು ನೋಡಿ. ಆ ಕಾಲದ ಪುಸ್ತಕಗಳ ಮೇಲೆ ತಾರೀಖು ಇರುವುದಿಲ್ಲ. ಸಾಲಪತ್ರ, ಗೇಣಿಪತ್ರ, ಅರ್ಜಿ, ತೆರಿಗೆ ರಸೀದಿಗಳ ಮೇಲೆ ಚಕ್ರವರ್ತಿಯ ಆಳ್ವಿಕೆಯ ವರ್ಷ ಇರುತ್ತದೆ. ತಾರೀಖಿಲ್ಲದ ಪುಸ್ತಕದ ‘ಅ’ಕಾರವನ್ನು ತಾರೀಖಿರುವ ಅರ್ಜಿಯ ‘ಅ’ಕಾರದೊಂದಿಗೆ ಹೋಲಿಸಿ ಕಾಲ ಹೇಳುತ್ತಾರೆ. ಶಾಸನಗಳ ಕಾಲವನ್ನು ಲಿಪಿಯ ಬಾಗು ಬಳುಕು ನೋಡಿ ಹೇಳುವ ನಮ್ಮ ಶಾಸನತಜ್ಞರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ಇಪ್ಪತ್ತನೆಯ ವಯಸ್ಸಿನಲ್ಲಿ ಕಲಿತ ಅಕ್ಷರವನ್ನು ಲಿಪಿಕಾರ ಅರವತ್ತರಲ್ಲೂ ಹಾಗೆಯೇ ಬರೆಯುತ್ತಾನೆ. ಹಳ್ಳಿಯಲ್ಲಿ ಹಳೆಯ ಶೈಲಿ ಉಳಿದಿರುತ್ತದೆ, ಪಟ್ಟಣದಲ್ಲಿ ಬದಲಾಗಿರುತ್ತದೆ. 2005ರಲ್ಲಿ ಬ್ರೆಂಟ್ ನಾಂಗ್‌ಬ್ರಿ ಎಂಬ ವಿದ್ವಾಂಸರು ಈ ಚೂರಿಗೆ ಹೋಲುವ, ತಾರೀಖಿರುವ ಬರಹಗಳನ್ನು ಮತ್ತೆ ಹರಡಿಕೊಂಡು ಕುಳಿತರು. ಎರಡನೆಯ ಶತಮಾನದ ಕೊನೆಯ, ಮೂರನೆಯ ಶತಮಾನದ ಆರಂಭದ ದಾಖಲೆಗಳಲ್ಲೂ ಅಂಥದೇ ಅಕ್ಷರಗಳು ಸಿಕ್ಕಿದವು. ಚೂರು ತಡವಾದದ್ದು ಎಂದು ಅವರು ಸಾಧಿಸಲಿಲ್ಲ. ತಡವಾದದ್ದು ಆಗಿರಲಾರದು ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ ಎಂದರು, ಅಷ್ಟೇ. 2012ರಲ್ಲಿ ಓರ್ಸಿನಿ ಮತ್ತು ಕ್ಲಾರಿಸ್ 125ರಿಂದ 175 ಎಂದು ಲೆಕ್ಕ ಕೊಟ್ಟರು.

ಹಾಗಾದರೆ ಬೌರ್ ಸರಿಯೇ? ಅದೂ ಅಲ್ಲ. ಯೋಹಾನನ ಸುವಾರ್ತೆ ಮೊದಲ ಶತಮಾನದ ಕೊನೆಗೆ ಬಂದದ್ದು ಎನ್ನಲು ಇಂದಿನ ಹೆಚ್ಚಿನ ವಿದ್ವಾಂಸರಿಗೆ ಬೇರೆ ಆಧಾರಗಳಿವೆ. ತೊಲೆ ಹೊರಬೇಕಾದ ಭಾರವನ್ನು ಕಡ್ಡಿಯ ಮೇಲೆ ಹೊರಿಸಿದ್ದೇ ಇಲ್ಲಿನ ತಪ್ಪು.

ಇನ್ನೂ ಹಳೆಯ ಪ್ರತಿ ಸಿಗಲಿ ಎಂಬ ಆಸೆ ಎಷ್ಟು ಬಲವಾದದ್ದು ಎಂಬುದಕ್ಕೆ ಮಾರ್ಕನ ಸುವಾರ್ತೆಯ ಇತ್ತೀಚಿನ ಪ್ರಸಂಗ ನೋಡಿ. 2012ರಲ್ಲಿ ಅಮೆರಿಕದ ವೇದಿಕೆಯೊಂದರಲ್ಲಿ ಒಬ್ಬ ವಿದ್ವಾಂಸರು ಬಾಂಬ್ ಹಾಕಿದರು: ಮಾರ್ಕನ ಸುವಾರ್ತೆಯ ಮೊದಲ ಶತಮಾನದ ತುಣುಕು ಸಿಕ್ಕಿದೆ, ಸದ್ಯದಲ್ಲೇ ಪ್ರಕಟವಾಗಲಿದೆ. ಅವರು ಸ್ವತಃ ಅದನ್ನು ನೋಡಿರಲಿಲ್ಲ. ಇನ್ನೊಬ್ಬರ ಮಾತು ನಂಬಿದ್ದರು. ಆರು ವರ್ಷ ಜಗತ್ತು ಕಾಯಿತು. 2018ರಲ್ಲಿ ಅದು ಪ್ರಕಟವಾದಾಗ ಸಂಪಾದಕರು ಕೊಟ್ಟ ಕಾಲ ಎರಡನೆಯ ಶತಮಾನದ ಕೊನೆ ಅಥವಾ ಮೂರನೆಯದರ ಆರಂಭ. ಚೂರು ಹೊಸದಾಗಿ ಸಿಕ್ಕಿದ್ದೂ ಅಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಶತಮಾನದ ಹಿಂದೆ ಅಗೆದು ತೆಗೆದು, ಆಕ್ಸ್‌ಫರ್ಡಿನಲ್ಲಿ ಇಟ್ಟಿದ್ದ ಸಂಗ್ರಹದ್ದು. ಅದರ ಒಡೆತನವಿದ್ದ ಈಜಿಪ್ಟ್ ಎಕ್ಸ್‌ಪ್ಲೊರೇಷನ್ ಸೊಸೈಟಿ ತನ್ನ ಪೆಟ್ಟಿಗೆಗಳನ್ನು ತಪಾಸಣೆ ಮಾಡಿದಾಗ ಬೇರೆ ಹಲವು ತುಣುಕುಗಳು ಕಾಣೆಯಾಗಿದ್ದವು. ಅವುಗಳಲ್ಲಿ ಕೆಲವು ವಾಷಿಂಗ್ಟನ್ನಿನ ಬೈಬಲ್ ವಸ್ತುಸಂಗ್ರಹಾಲಯದಲ್ಲಿ ಪತ್ತೆಯಾದವು. ವಿಷಯ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು.

ಆಕ್ಸಿರಿಂಕಸ್ ಎಂದಾಗ ಕನ್ನಡಿಗರ ಕಿವಿ ನೆಟ್ಟಗಾಗಬೇಕು. ಅದೇ ಊರಿನ ಅದೇ ಕಸದ ಗುಡ್ಡೆಗಳಿಂದ ಬಂದದ್ದು ನಮ್ಮಲ್ಲಿ ‘ಗ್ರೀಕ್ ಪ್ರಹಸನ’ ಎಂದು ಹೆಸರಾದ ಪಪೈರಸ್. ಭಾರತದ ಕರಾವಳಿಯ ರಾಜನೊಬ್ಬನ ಕೈಯಿಂದ ಗ್ರೀಕ್ ಹೆಣ್ಣೊಬ್ಬಳು ಪಾರಾಗುವ ನಾಟಕ. 1903ರಲ್ಲಿ ಅದು ಪ್ರಕಟವಾದ ಮರುವರ್ಷವೇ ಜರ್ಮನ್ ಶಾಸನತಜ್ಞ ಹುಲ್ಶ್ ಅದರೊಳಗಿನ ಅರ್ಥವಾಗದ ಮಾತುಗಳು ಕನ್ನಡ ಎಂದರು. ಶಾಮಶಾಸ್ತ್ರಿಗಳು ಹೌದೆಂದರು, ಗೋವಿಂದ ಪೈಗಳು ಕಥೆ ನಡೆದ ಜಾಗವನ್ನು ಇಲ್ಲೇ ನಮ್ಮ ಕರಾವಳಿಯಲ್ಲಿ ಗುರುತಿಸಲು ಹೊರಟರು, ಒಪ್ಪದವರೂ ಇದ್ದಾರೆ. ಅದು ಕನ್ನಡವೇ ಆಗಿರಲಿ ಎಂದು ನನಗೂ ಆಸೆಯಿದೆ. ಆ ಆಸೆ ಎದೆಯಲ್ಲಿರುವಾಗ ಮೊದಲ ಶತಮಾನದ ಮಾರ್ಕನನ್ನು ನಂಬಿದವರನ್ನು ನೋಡಿ ನಗಲು ನನಗೆ ಬಾಯಿ ಬರುವುದಿಲ್ಲ.

ಪಾಠಾಂತರಗಳ ವಿಷಯಕ್ಕೆ ಬರುತ್ತೇನೆ. 1707ರಲ್ಲಿ ಆಕ್ಸ್‌ಫರ್ಡಿನ ಜಾನ್ ಮಿಲ್ ಮೂವತ್ತು ವರ್ಷ ದುಡಿದ ಗ್ರೀಕ್ ಹೊಸ ಒಡಂಬಡಿಕೆಯನ್ನು ಹೊರತಂದು, ಎರಡು ವಾರದಲ್ಲಿ ತೀರಿಕೊಂಡ. ಸುಮಾರು ನೂರು ಹಸ್ತಪ್ರತಿಗಳನ್ನು ಹೋಲಿಸಿ ಅಡಿಟಿಪ್ಪಣಿಯಲ್ಲಿ ಅವನು ಕೊಟ್ಟಿದ್ದ ಪಾಠಾಂತರಗಳು 30,000. ಡೇನಿಯಲ್ ವಿಟ್ಬಿ ಎಂಬ ಪಾದ್ರಿ ಸಿಡಿದೆದ್ದ: ಇಷ್ಟೊಂದು ವ್ಯತ್ಯಾಸ ಇದೆಯೆಂದು ಊರಿಗೆಲ್ಲ ಸಾರಿದರೆ ಧರ್ಮದ ಗತಿಯೇನು? ಅವನು ಹೆದರಿದಂತೆಯೇ ಆಯಿತು. ಆಂಥೊನಿ ಕಾಲಿನ್ಸ್ ಎಂಬ ಸ್ವತಂತ್ರ ವಿಚಾರವಾದಿ ವಿಟ್ಬಿಯ ಗಾಬರಿಯನ್ನೇ ಸಾಕ್ಷಿಯಾಗಿ ಹಿಡಿದು, ನೋಡಿ, ಪಾದ್ರಿಯೇ ಒಪ್ಪಿಕೊಂಡಿದ್ದಾನೆ ಎಂದು ಬರೆದ. ಅವನಿಗೆ ಉತ್ತರ ಕೊಟ್ಟವನು ರಿಚರ್ಡ್ ಬೆಂಟ್ಲಿ. ಬಾಯಿ ಹರಿತ, ಪಾಂಡಿತ್ಯ ಅದಕ್ಕಿಂತ ಹರಿತ.

1713ರಲ್ಲಿ ಬೆಂಟ್ಲಿ ಕೊಟ್ಟ ಆ ಉತ್ತರಕ್ಕಿಂತ ಉತ್ತಮವಾದದ್ದನ್ನು ಮುನ್ನೂರು ವರ್ಷಗಳಲ್ಲಿ ಯಾರೂ ಕೊಟ್ಟಂತೆ ನನಗೆ ಕಾಣುವುದಿಲ್ಲ. ಪಾಠಾಂತರಗಳನ್ನು ಮಿಲ್ ಹುಟ್ಟಿಸಲಿಲ್ಲ, ಹಸ್ತಪ್ರತಿಗಳಲ್ಲಿ ಇದ್ದದ್ದನ್ನು ತೋರಿಸಿದ. ಒಂದೇ ಪ್ರತಿ ಉಳಿದಿರುವ ಲ್ಯಾಟಿನ್ ಲೇಖಕನನ್ನು ತೆಗೆದುಕೊಳ್ಳಿ: ಅಲ್ಲಿ ಪಾಠಾಂತರಗಳೇ ಇಲ್ಲ, ಆದರೆ ತಪ್ಪುಗಳು ತುಂಬಿವೆ, ತಿದ್ದಲು ದಾರಿಯೂ ಇಲ್ಲ. ಟೆರೆನ್ಸ್ ಎಂಬ ನಾಟಕಕಾರನ ಪ್ರತಿಗಳು ಹೇರಳ; ಹೊಸ ಒಡಂಬಡಿಕೆಗಿಂತ ಎಷ್ಟೋ ಚಿಕ್ಕದಾದ ಅವನ ಕೃತಿಗಳಲ್ಲಿ ತಾನೇ 20,000 ಪಾಠಾಂತರ ಕಂಡಿದ್ದೇನೆ, ಆದರೂ ಅವನ ಪಾಠವೇ ಹೆಚ್ಚು ಶುದ್ಧವಾಗಿ ಉಳಿದಿದೆ ಎಂದ. ಪ್ರತಿಗಳು ಹೆಚ್ಚಿದಂತೆ ವ್ಯತ್ಯಾಸಗಳು ಹೆಚ್ಚುತ್ತವೆ, ಅವುಗಳ ಜೊತೆಗೇ ಸರಿಪಾಠ ಹಿಡಿಯುವ ಸಾಧ್ಯತೆಯೂ ಹೆಚ್ಚುತ್ತದೆ. ವಚನಗಳ ಓಲೆಗರಿ ಕಟ್ಟುಗಳ ಮುಂದೆ ಕುಳಿತು ಸಂಪಾದನೆ ಮಾಡಿದ ಯಾರೇ ಆದರೂ ಈ ಮಾತಿಗೆ ತಲೆದೂಗುತ್ತಾರೆ.

ಇಂದಿನ ಅಂದಾಜು, ಕಾಗುಣಿತದ ವ್ಯತ್ಯಾಸಗಳನ್ನು ಬಿಟ್ಟೂ, ಐದು ಲಕ್ಷದ ಆಸುಪಾಸು. ಬಹುಪಾಲು ಪದಗಳ ಹಿಂದುಮುಂದು, ಬಿಟ್ಟುಹೋದ ಅಕ್ಷರ, ಅರ್ಥಕ್ಕೆ ಬಾಧಕವಿಲ್ಲದವು. ‘ಬಹುಪಾಲು’ ಎಂದದ್ದು ಬೇಕೆಂದೇ. ಉಳಿದವು ಸಣ್ಣವಲ್ಲ. ‘ನಿಮ್ಮಲ್ಲಿ ಪಾಪವಿಲ್ಲದವನು ಮೊದಲು ಕಲ್ಲೆಸೆಯಲಿ’ ಎಂಬ, ಯೋಹಾನನ ಎಂಟನೆಯ ಅಧ್ಯಾಯದ ಪ್ರಸಂಗ ಇಡೀ ಸತ್ಯವೇದದಲ್ಲಿ ಜನ ಅತಿ ಹೆಚ್ಚು ಉದ್ಧರಿಸುವ ಭಾಗಗಳಲ್ಲೊಂದು. ಸೈನೈಟಿಕಸ್, ವ್ಯಾಟಿಕಾನಸ್ ಎಂಬ ನಾಲ್ಕನೆಯ ಶತಮಾನದ ಮಹಾಪ್ರತಿಗಳಲ್ಲಿ ಅದಿಲ್ಲ. ಅವಕ್ಕಿಂತ ಹಳೆಯ ಪಪೈರಸ್‌ಗಳಲ್ಲೂ ಇಲ್ಲ. ಕೆಲವು ನಂತರದ ಪ್ರತಿಗಳಲ್ಲಿ ಅದು ಯೋಹಾನನ ಕೊನೆಯಲ್ಲಿ ಬರುತ್ತದೆ, ಕೆಲವದರಲ್ಲಿ ಲೂಕನ ಸುವಾರ್ತೆಯೊಳಗೆ! ಮನೆಯಿಲ್ಲದೆ ಅಲೆದ ಕಥೆ ಅದು. ಹಳೆಯ ಕಥೆಯೇ ಇರಬಹುದು, ಯೋಹಾನನ ಪುಸ್ತಕಕ್ಕೆ ಸೇರಿದ್ದಂತೂ ಅಲ್ಲ. ಮಾರ್ಕನ ಸುವಾರ್ತೆ ಹಳೆಯ ಪ್ರತಿಗಳಲ್ಲಿ ಹದಿನಾರನೆಯ ಅಧ್ಯಾಯದ ಎಂಟನೆಯ ವಚನಕ್ಕೆ ನಿಲ್ಲುತ್ತದೆ: ಹೆಂಗಸರು ಬರಿದಾದ ಸಮಾಧಿಯಿಂದ ಓಡಿದರು, ಹೆದರಿ ಯಾರಿಗೂ ಏನೂ ಹೇಳಲಿಲ್ಲ. ವ್ಯಾಟಿಕಾನಸ್‌ನ ಲಿಪಿಕಾರ ಅಲ್ಲಿಂದ ಮುಂದೆ ಒಂದು ಪೂರ್ತಿ ಅಂಕಣ ಖಾಲಿ ಬಿಟ್ಟಿದ್ದಾನೆ. ಮುಂದೆ ಏನೋ ಇದೆಯೆಂದು ಕೇಳಿದ್ದನೇ, ತನ್ನ ಮುಂದಿನ ಮಾತೃಕೆಯಲ್ಲಿ ಅದು ಕಾಣಲಿಲ್ಲವೇ? ನಿಮ್ಮ ಮನೆಯ ಸತ್ಯವೇದವನ್ನು ತೆರೆದು ಈ ಎರಡು ಜಾಗಗಳಲ್ಲಿ ಕಂಸವೋ ಅಡಿಟಿಪ್ಪಣಿಯೋ ಇದೆಯೇ ನೋಡಿ. ಇದ್ದರೆ, ನಿಮ್ಮ ಪ್ರತಿಯ ಸಂಪಾದಕರು ಓದುಗರನ್ನು ಗೌರವಿಸಿದ್ದಾರೆ.

ಇಷ್ಟಾದರೂ ಮೊದಲ ಪ್ರಶ್ನೆಗೆ, ಎಂದರೆ ಪಾಠದ ಪ್ರಶ್ನೆಗೆ, ಉತ್ತರ ಒಟ್ಟಿನಲ್ಲಿ ಸಮಾಧಾನಕರ. ಎರಡನೆಯದು ಅಷ್ಟು ಸುಲಭವಲ್ಲ.

ನಾಲ್ಕು ಸುವಾರ್ತೆಗಳಲ್ಲಿ ಯಾವುದೂ ತನ್ನೊಳಗೆ ಲೇಖಕನ ಹೆಸರು ಹೇಳುವುದಿಲ್ಲ. ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂದು ನಾಲ್ಕನ್ನೂ ಒಟ್ಟಿಗೆ ಹೆಸರಿಸುವವನು ಸುಮಾರು 180ರಲ್ಲಿ ಬರೆದ ಬಿಷಪ್ ಐರೇನಿಯಸ್. ಅದಕ್ಕಿಂತ ಹಿಂದೆ, ಎರಡನೆಯ ಶತಮಾನದ ಆರಂಭದಲ್ಲಿ, ಪಾಪಿಯಸ್ ಎಂಬ ಬಿಷಪ್ ಇದ್ದ. ಮಾರ್ಕನು ಯೇಸುವಿನ ಶಿಷ್ಯ ಪೇತ್ರನ ದುಭಾಷಿಯಾಗಿದ್ದು, ನೆನಪಿದ್ದದ್ದನ್ನು ನಿಖರವಾಗಿ, ಆದರೆ ಕ್ರಮವಿಲ್ಲದೆ ಬರೆದನೆಂದು ಅವನ ಹೇಳಿಕೆ. ಪಾಪಿಯಸನ ಪುಸ್ತಕ ಕಳೆದುಹೋಗಿದೆ. ಇದು ನಮಗೆ ಸಿಗುವುದು ಇನ್ನೂರು ವರ್ಷ ಆಮೇಲಿನ ಕ್ರೈಸ್ತ ಇತಿಹಾಸಕಾರ ಯೂಸೇಬಿಯಸನ ಉದ್ಧರಣೆಯಲ್ಲಿ. ಅದೇ ಯೂಸೇಬಿಯಸ್, ಈ ಪಾಪಿಯಸ್ ಬುದ್ಧಿಯಲ್ಲಿ ಬಹಳ ಸಣ್ಣವನು ಎಂದೂ ಬರೆದಿದ್ದಾನೆ. ಸಾಕ್ಷಿಯನ್ನು ಕರೆದು ತಂದವನೇ ಸಾಕ್ಷಿಯ ಬುದ್ಧಿಯ ಬಗ್ಗೆ ಹೀಗೆ ಹೇಳಿದರೆ ನ್ಯಾಯಾಧೀಶ ಏನು ಮಾಡಬೇಕು?

ಸಂಪ್ರದಾಯದ ಹೆಸರುಗಳ ಪರ ನಿಂತವರ ವಾದವನ್ನೂ ಸರಿಯಾಗಿ ಹೇಳಬೇಕು. ಮಾರ್ಟಿನ್ ಹೆಂಗಲ್ ಕೇಳಿದರು: ಹೆಸರುಗಳು ತಡವಾಗಿ ಅಂಟಿಸಿದವಾಗಿದ್ದರೆ ಒಂದೊಂದು ಊರಿನಲ್ಲಿ ಒಂದೊಂದು ಹೆಸರು ಇರಬೇಕಿತ್ತಲ್ಲ? ಶೀರ್ಷಿಕೆ ಉಳಿದಿರುವ ಪ್ರತಿಗಳಲ್ಲೆಲ್ಲ ಅವೇ ನಾಲ್ಕು ಹೆಸರುಗಳೇಕೆ? ಅದೂ ಅಲ್ಲದೆ, ಸುಳ್ಳು ಹೆಸರೇ ಹುಡುಕುವುದಾದರೆ ಯಾರಾದರೂ ಮಾರ್ಕ, ಲೂಕ ಎಂಬ ಎರಡನೆಯ ಸಾಲಿನ ಜನರನ್ನು ಹುಡುಕುತ್ತಾರೆಯೇ? ಗಟ್ಟಿ ವಾದವಿದು. ಆದರೆ ಮತ್ತಾಯನ ವಿಷಯದಲ್ಲಿ ಅದು ತಡವರಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಮಾರ್ಕನ ಸುಮಾರು 660 ವಚನಗಳಲ್ಲಿ 600ರಷ್ಟು ಯಾವುದಾದರೊಂದು ರೂಪದಲ್ಲಿ ಮತ್ತಾಯನಲ್ಲಿವೆ, ಎಷ್ಟೋ ಕಡೆ ಪದಕ್ಕೆ ಪದ. ಯೇಸು ದೇವಾಲಯದ ನಾಶವನ್ನು ಕುರಿತು ಶಿಷ್ಯರಿಗೆ ಹೇಳುತ್ತಿರುವಾಗ, ಮಾತಿನ ನಡುವೆ, ಮಾರ್ಕನು ‘ಓದುವವನು ತಿಳಿದುಕೊಳ್ಳಲಿ’ ಎಂದು ತನ್ನದೊಂದು ಸೂಚನೆ ತೂರಿಸುತ್ತಾನೆ. ಯೇಸು ಮಾತಾಡುತ್ತಿದ್ದಾನೆ, ಅಲ್ಲಿ ಓದುವವರು ಯಾರೂ ಇಲ್ಲ. ಅದು ಲೇಖಕ ಓದುಗನಿಗೆ ಹೇಳಿದ ಮಾತು. ಅದೇ ಮಾತು, ಅದೇ ಜಾಗದಲ್ಲಿ, ಮತ್ತಾಯನಲ್ಲೂ ಇದೆ. ಪರೀಕ್ಷೆಯಲ್ಲಿ ಪಕ್ಕದವನ ಉತ್ತರಪತ್ರಿಕೆ ನೋಡಿ ಬರೆದ ಹುಡುಗ ‘ಪುಟ ತಿರುಗಿಸಿ’ ಎಂಬುದನ್ನೂ ನಕಲು ಮಾಡಿದ ಹಾಗೆ. ಕಣ್ಣಾರೆ ಕಂಡ ಶಿಷ್ಯ ಮತ್ತಾಯನೇ ಇದನ್ನು ಬರೆದಿದ್ದರೆ, ಅಲ್ಲಿ ಇಲ್ಲದಿದ್ದ ಮಾರ್ಕನನ್ನು ಇಷ್ಟು ನಿಷ್ಠೆಯಿಂದ ಏಕೆ ನಕಲು ಮಾಡಬೇಕಿತ್ತು?

ಮಾರ್ಕನಲ್ಲಿ ಇಲ್ಲದ, ಮತ್ತಾಯ ಲೂಕರಿಬ್ಬರಲ್ಲೂ ಇರುವ ಬೋಧನೆಗಳು ಎಲ್ಲಿಂದ ಬಂದವು ಎಂಬುದು ಇನ್ನೊಂದು ರಣರಂಗ. ಕಳೆದುಹೋದ ‘ಕ್ಯೂ’ ಎಂಬ ಆಕರದಿಂದ ಎಂದು ಬಹುಮತ. 1955ರಲ್ಲಿ ಆಸ್ಟಿನ್ ಫಾರರ್, ಲೂಕನ ಮುಂದೆ ಮತ್ತಾಯನೇ ಇದ್ದನೆಂದರೆ ಮುಗಿಯಿತು, ಯಾರೂ ಕಾಣದ ಪುಸ್ತಕವೊಂದು ಬೇಕಾಗಿಲ್ಲ ಎಂದರು. ಇತ್ತೀಚೆಗೆ ಆ ಪಕ್ಷಕ್ಕೆ ಬಲ ಬರುತ್ತಿದೆ. ಒಂದು ತುಣುಕೂ ಸಿಗದ ಗ್ರಂಥಕ್ಕೆ ಅಧ್ಯಾಯ, ವಚನಗಳ ಸಂಖ್ಯೆ ಹಾಕಿ ಸಂಪಾದಿಸಿದವರನ್ನು ಕಂಡರೆ ನನಗೆ ಗೌರವವೂ ಇದೆ, ಸಣ್ಣ ನಗುವೂ ಬರುತ್ತದೆ.

ಆದಿ ಕ್ರೈಸ್ತ ಬೋಧಕ ಪೌಲನ ಪತ್ರಗಳ ಕಥೆ ಬೇರೆ. ಅವನ ಹೆಸರಿನಲ್ಲಿ ಹದಿಮೂರಿವೆ. ಏಳು ಅವನವೇ ಎಂಬುದರಲ್ಲಿ ಆಸ್ತಿಕ, ನಾಸ್ತಿಕ ವಿದ್ವಾಂಸರಲ್ಲಿ ಜಗಳವಿಲ್ಲ. ತಿಮೊಥೆಯನಿಗೆ ಎರಡು, ತೀತನಿಗೆ ಒಂದು ಎಂದಿರುವ ಪತ್ರಗಳ ಬಗ್ಗೆ ದೊಡ್ಡ ಅನುಮಾನ. 1921ರಲ್ಲಿ ಹ್ಯಾರಿಸನ್ ಎಂಬವರು ಕುಳಿತು ಎಣಿಸಿದರು: ಈ ಮೂರರಲ್ಲಿರುವ ಸುಮಾರು 850 ಪದಗಳಲ್ಲಿ 300ಕ್ಕೂ ಹೆಚ್ಚು, ಪೌಲನ ಹೆಸರಿನ ಉಳಿದ ಹತ್ತು ಪತ್ರಗಳಲ್ಲಿ ಎಲ್ಲೂ ಇಲ್ಲ. ಎದುರು ಪಕ್ಷದವರ ಉತ್ತರ: ಪೌಲ ಸ್ವತಃ ಬರೆಯುತ್ತಿರಲಿಲ್ಲ, ಹೇಳಿ ಬರೆಸುತ್ತಿದ್ದ. ರೋಮಾಪುರದವರಿಗೆ ಬರೆದ ಪತ್ರದ ಕೊನೆಯಲ್ಲಿ ‘ಈ ಪತ್ರ ಬರೆದ ತೆರ್ತ್ಯನೆಂಬ ನಾನು’ ಎಂದು ಬರಹಗಾರನೇ ತಲೆ ಹೊರಹಾಕಿ ವಂದನೆ ಹೇಳುತ್ತಾನೆ. ಬರಹಗಾರ ಬದಲಾದರೆ ಶೈಲಿ ಬದಲಾಗದೇ? ಬದಲಾದೀತು. ಮೂರು ಪತ್ರಗಳಲ್ಲಿ ಒಂದೇ ಬಗೆಯಾಗಿ ಬದಲಾಗಿ, ಅದರ ಜೊತೆಗೆ ಪೌಲನ ಕಾಲದಲ್ಲಿ ಇನ್ನೂ ಗಟ್ಟಿಯಾಗಿರದ ಸಭೆಯ ಹುದ್ದೆಗಳ ವ್ಯವಸ್ಥೆಯೂ ಬಂದು ಸೇರಿದರೆ, ತೆರ್ತ್ಯನೊಬ್ಬನ ಹೆಗಲು ಸಾಲದು.

‘ಆಗಿನ ಕಾಲದಲ್ಲಿ ಗುರುವಿನ ಹೆಸರಿನಲ್ಲಿ ಬರೆಯುವುದು ತಪ್ಪೆಂದು ಯಾರೂ ತಿಳಿಯುತ್ತಿರಲಿಲ್ಲ’ ಎಂದು ಇಲ್ಲೇ ಒಂದು ಸಮಾಧಾನ ಹೇಳುವುದುಂಟು. ನಾನು ಒಪ್ಪುವುದಿಲ್ಲ. ಕ್ರಿ.ಶ. 200ರ ಹೊತ್ತಿಗೆ ಬರೆದ ಕ್ರೈಸ್ತ ಲೇಖಕ ಟೆರ್ಟುಲಿಯನ್ ಒಂದು ಪ್ರಸಂಗ ಹೇಳುತ್ತಾನೆ. ಏಷ್ಯಾ ಪ್ರಾಂತದ ಒಬ್ಬ ಹಿರಿಯ ಸಭಾಪಾಲಕ ಪೌಲನ ಮತ್ತು ತೆಕ್ಲಾ ಎಂಬ ಕನ್ಯೆಯ ಕಥೆ ಕಟ್ಟಿ ಬರೆದ. ಸಿಕ್ಕಿಬಿದ್ದ. ಪೌಲನ ಮೇಲಿನ ಪ್ರೀತಿಯಿಂದ ಬರೆದೆ ಎಂದು ಒಪ್ಪಿಕೊಂಡ. ಪ್ರೀತಿ ಇದ್ದರೂ ಹುದ್ದೆ ಹೋಯಿತು. ಟೆರ್ಟುಲಿಯನ್ನನ ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು: ತೆಕ್ಲಾಳ ಉದಾಹರಣೆ ಹಿಡಿದು ಹೆಂಗಸರು ದೀಕ್ಷಾಸ್ನಾನ ಕೊಡುವ ಹಕ್ಕು ಕೇಳುತ್ತಿದ್ದರು. ಕಳ್ಳ ಗ್ರಂಥ ಹಿಡಿಯುವ ಉತ್ಸಾಹದ ಹಿಂದೆ ಎಷ್ಟೋ ಸಲ ಇಂಥ ಲೆಕ್ಕಾಚಾರ ಇರುತ್ತದೆ. ಹಾಗೆಂದು ಗ್ರಂಥ ಅಸಲಿಯಾಗಿಬಿಡುವುದಿಲ್ಲ.

ಕಳ್ಳತನ ಹಳೆಯ ಕಾಲಕ್ಕೇ ಮುಗಿಯಲಿಲ್ಲ. 2012ರ ಸೆಪ್ಟೆಂಬರಿನಲ್ಲಿ ಹಾರ್ವರ್ಡಿನ ಕ್ಯಾರನ್ ಕಿಂಗ್ ರೋಮ್ ನಗರದಲ್ಲಿ, ಈಜಿಪ್ಟಿನ ಹಳೆಯ ಕ್ರೈಸ್ತರ ಭಾಷೆಯಾದ ಕಾಪ್ಟಿಕ್‌ನ ಒಂದು ಚೂರನ್ನು ಮುಂದಿಟ್ಟರು. ‘ಯೇಸು ಅವರಿಗೆ ಹೇಳಿದನು: ನನ್ನ ಹೆಂಡತಿ...’ ಅಲ್ಲಿಗೆ ಚೂರು ಹರಿದಿದೆ. ಜಗತ್ತಿನ ಪತ್ರಿಕೆಗಳಿಗೆ ಹಬ್ಬ. ಇಂಗಾಲದ ಪರೀಕ್ಷೆ ಪಪೈರಸ್ ಹಳೆಯದೆಂದಿತು, ಸುಮಾರು ಎಂಟನೆಯ ಶತಮಾನ. ಹಾಳೆ ಹಳೆಯದಾದರೆ ಬರಹವೂ ಹಳೆಯದೇ? ಹಳೆಯ ಖಾಲಿ ಹಾಳೆ ಸಿಗುವುದು ಕಷ್ಟವಲ್ಲ. ಚೂರಿನ ಸಾಲುಗಳೆಲ್ಲ, ಸತ್ಯವೇದದಲ್ಲಿ ಸೇರದ ತೋಮನ ಸುವಾರ್ತೆಯಿಂದ ಎತ್ತಿ ಜೋಡಿಸಿದಂತಿವೆ ಎಂದು ಕೆಲವರು ಮೊದಲೇ ಅನುಮಾನಪಟ್ಟಿದ್ದರು. ಆಂಡ್ರ್ಯೂ ಬರ್ನಾರ್ಡ್ ಇನ್ನೂ ಮುಂದೆ ಹೋದರು. ತೋಮನ ಸುವಾರ್ತೆಯ ಒಂದು ಪಾಠ ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುತ್ತದೆ. ಅದರಲ್ಲಿ ಬೆರಳಚ್ಚಿನ ತಪ್ಪಿನಿಂದ ಒಂದು ಅಕ್ಷರ ಬಿಟ್ಟುಹೋಗಿತ್ತು. ‘ಪ್ರಾಚೀನ’ ಚೂರಿನಲ್ಲೂ ಅದೇ ಅಕ್ಷರ ಅದೇ ಜಾಗದಲ್ಲಿ ಇರಲಿಲ್ಲ. 2014ರಲ್ಲಿ ಕ್ರಿಶ್ಚಿಯನ್ ಆಸ್ಕ್‌ಲ್ಯಾಂಡ್, ಅದೇ ಕೈಬರಹದ, ಜೊತೆಯಲ್ಲೇ ಬಂದಿದ್ದ ಯೋಹಾನನ ಸುವಾರ್ತೆಯ ಚೂರನ್ನು ನೋಡಿದರು. 1924ರಲ್ಲಿ ಅಚ್ಚಾದ ಒಂದು ಕಾಪ್ಟಿಕ್ ಯೋಹಾನನ ಪುಸ್ತಕದಿಂದ ಸಾಲು ಬಿಟ್ಟು ಸಾಲು ನಕಲು ಮಾಡಿದಂತೆ, ಸಾಲು ಮುರಿಯುವ ಜಾಗಗಳೂ ತಾಳೆಯಾಗುತ್ತಿದ್ದವು. ಆ ಚೂರಿನ ಕಾಪ್ಟಿಕ್ ಉಪಭಾಷೆ, ಪಪೈರಸ್ಸಿಗೆ ಕೊಟ್ಟ ಕಾಲಕ್ಕೆ ಮೊದಲೇ ಬಳಕೆಯಿಂದ ಹೋಗಿತ್ತು. 2016ರಲ್ಲಿ ಪತ್ರಕರ್ತರೊಬ್ಬರು ಚೂರಿನ ಮಾಲೀಕನ ಬೆನ್ನು ಹತ್ತಿ ಅದರ ಕಾಗದಪತ್ರಗಳ ಬಣ್ಣ ಬಯಲು ಮಾಡಿದ ಮೇಲೆ, ನಕಲಿ ಎನ್ನುವ ಕಡೆಗೇ ತಕ್ಕಡಿ ವಾಲಿದೆ ಎಂದು ಕಿಂಗ್ ಅವರೂ ಒಪ್ಪಿಕೊಂಡರು.

ಮೂರನೆಯ ಪ್ರಶ್ನೆ, ಸಂಗತಿ ನಡೆಯಿತೇ ಎಂಬುದು. ಇಲ್ಲಿ ಲೂಕನೊಬ್ಬನನ್ನೇ ತೆಗೆದುಕೊಳ್ಳುತ್ತೇನೆ. ಅವನು ಎರಡೂ ಪಕ್ಷಗಳ ಹಿಡಿತಕ್ಕೆ ಸಿಗದಷ್ಟು ಸಂಕೀರ್ಣ. ಅವನದೇ ಎನ್ನಲಾಗುವ ‘ಅಪೊಸ್ತಲರ ಕೃತ್ಯಗಳು’ ಎಂಬ ಇನ್ನೊಂದು ಪುಸ್ತಕದಲ್ಲಿ ಥೆಸಲೊನೀಕದ ನಗರಾಧಿಕಾರಿಗಳನ್ನು ಅವನು ‘ಪೊಲಿಟಾರ್ಕ್’ ಎನ್ನುತ್ತಾನೆ. ಗ್ರೀಕ್ ಸಾಹಿತ್ಯದಲ್ಲಿ ಅಪರೂಪದ ಈ ಪದ ಅದೇ ಊರಿನ ಶಾಸನಗಳಲ್ಲಿ ಸಿಕ್ಕಿದೆ. ಕೊರಿಂಥದಲ್ಲಿ ಪೌಲನನ್ನು ರೋಮನ್ ಅಧಿಪತಿ ಗಲ್ಲಿಯೋನನ ಮುಂದೆ ನಿಲ್ಲಿಸಿದರು ಎನ್ನುತ್ತಾನೆ. ಡೆಲ್ಫಿಯಲ್ಲಿ ಸಿಕ್ಕ ಕ್ಲಾಡಿಯಸ್ ಚಕ್ರವರ್ತಿಯ ಶಾಸನ ಗಲ್ಲಿಯೋನನನ್ನು 51–52ರ ಹೊತ್ತಿಗೆ ಅಲ್ಲಿ ಕೂರಿಸುತ್ತದೆ. ಪೌಲನ ಬದುಕಿನ ಕಾಲಗಣನೆಯೆಲ್ಲ ಈ ಕಲ್ಲಿಗೆ ಕಟ್ಟಿದ ಹಗ್ಗ. ಇಂಥ ಲೂಕನೇ ಯೇಸುವಿನ ಜನನವನ್ನು ಹೆರೋದನ ಕಾಲಕ್ಕೂ, ಸಿರಿಯದ ಅಧಿಪತಿ ಕ್ವಿರೀನಿಯಸನ ಜನಗಣತಿಗೂ ಒಟ್ಟಿಗೆ ಜೋಡಿಸುತ್ತಾನೆ. ಹೆರೋದ ಸತ್ತದ್ದು ಕ್ರಿ.ಪೂ. 4ರಲ್ಲಿ, ಯೆಹೂದ್ಯ ಇತಿಹಾಸಕಾರ ಯೊಸೇಫಸ್ ಹೇಳುವ ಆ ಜನಗಣತಿ ಕ್ರಿ.ಶ. 6ರಲ್ಲಿ. ನಡುವೆ ಸುಮಾರು ಒಂಬತ್ತು ವರ್ಷ. ‘ಮೊದಲನೆಯ ಗಣತಿ’ ಎಂಬಲ್ಲಿ ‘ಕ್ವಿರೀನಿಯಸನಿಗಿಂತ ಮೊದಲು ನಡೆದ ಗಣತಿ’ ಎಂದು ಓದಿ ದಾಟುವ ಪ್ರಯತ್ನಗಳಿವೆ. ಗ್ರೀಕ್ ವಾಕ್ಯವನ್ನು ಅಷ್ಟು ತಿರುಚಬೇಕಾಗುತ್ತದೆ ಎಂಬುದೇ ಅವುಗಳ ದೌರ್ಬಲ್ಯ. ನನಗೆ ಕಾಣುವಂತೆ ಲೂಕನಿಗೆ ತನ್ನ ಹತ್ತಿರದ ಕಾಲದ ಪಟ್ಟಣಗಳು ಚೆನ್ನಾಗಿ ಗೊತ್ತು. ಎರಡು ತಲೆಮಾರು ಹಿಂದಿನ ಯೂದಾಯದ ಆಡಳಿತ ಅಷ್ಟು ಗೊತ್ತಿಲ್ಲ. ಒಬ್ಬ ಇತಿಹಾಸಕಾರ ಒಂದು ಕಡೆ ನಿಖರ, ಇನ್ನೊಂದು ಕಡೆ ಮಸುಕು ಎಂದರೆ ಅದರಲ್ಲಿ ಆಶ್ಚರ್ಯವೇನಿದೆ?

ಭಾಷಣ ಇಲ್ಲಿಗೆ ನಿಂತಿತ್ತು. ಆಮೇಲೆ ಸಭೆಯಿಂದ ಎರಡು ಪ್ರಶ್ನೆಗಳು ಬಂದವು.

ಹಿರಿಯರೊಬ್ಬರು ಕೇಳಿದರು: ‘ಕ್ರೈಸ್ತರಲ್ಲದವರು ಯೇಸುವಿನ ಬಗ್ಗೆ ಬರೆದಿದ್ದಾರಂತಲ್ಲ, ಅದನ್ನಾದರೂ ನಂಬಬಹುದೇ ಸ್ವಾಮಿ?’

ರೋಮನ್ ಇತಿಹಾಸಕಾರ ಟ್ಯಾಸಿಟಸ್ ಎರಡನೆಯ ಶತಮಾನದ ಆರಂಭದಲ್ಲಿ, ಪಿಲಾತನು ಕ್ರಿಸ್ತನಿಗೆ ಮರಣದಂಡನೆ ಕೊಟ್ಟನೆಂದು ಬರೆದಿದ್ದಾನೆ. ಕ್ರೈಸ್ತರ ಮೇಲೆ ಅವನಿಗಿದ್ದ ತಿರಸ್ಕಾರವೇ ಆ ಮಾತಿಗೆ ಬಲ. ಯೊಸೇಫಸನ ಪುಸ್ತಕದಲ್ಲಿ, 93ರ ಸುಮಾರಿನದು, ಯೇಸುವಿನ ಬಗ್ಗೆ ಒಂದು ಪ್ರಸಿದ್ಧ ಪ್ಯಾರಾ ಇದೆ. ಅದರಲ್ಲಿ ‘ಇವನೇ ಕ್ರಿಸ್ತನು’ ಎಂಬ ವಾಕ್ಯವಿದೆ. ಹಾಗೆ ಬರೆದವನು ಕ್ರೈಸ್ತನೇ ಆಗಿರಬೇಕಿತ್ತು. ಮೂರನೆಯ ಶತಮಾನದ ಕ್ರೈಸ್ತ ಪಂಡಿತ ಒರಿಜೆನ್, ಯೊಸೇಫಸ್ ಯೇಸುವನ್ನು ಕ್ರಿಸ್ತನೆಂದು ಒಪ್ಪಲಿಲ್ಲ ಎಂದು ಬರೆದಿದ್ದಾನೆ. ಅವನು ಓದಿದ ಪ್ರತಿಯಲ್ಲಿ ಆ ವಾಕ್ಯ ಇರಲಿಲ್ಲ ಎಂದಾಯಿತು. ಇಡೀ ಪ್ಯಾರಾ ಪ್ರಕ್ಷಿಪ್ತವೇ, ಅಥವಾ ಯೊಸೇಫಸ್ ಬರೆದ ಸಾಧಾರಣ ಪ್ಯಾರಾಕ್ಕೆ ಭಕ್ತ ಲಿಪಿಕಾರ ಬಣ್ಣ ಬಳಿದನೇ ಎಂಬುದರಲ್ಲಿ ಎರಡನೆಯದಕ್ಕೆ ಹೆಚ್ಚು ಒಪ್ಪಿಗೆಯಿದೆ. ಅದೇ ಪುಸ್ತಕದಲ್ಲಿ ಮುಂದೆ ‘ಕ್ರಿಸ್ತನೆನಿಸಿಕೊಂಡ ಯೇಸುವಿನ ತಮ್ಮ ಯಾಕೋಬ’ ಎಂಬ ಸಣ್ಣ ಉಲ್ಲೇಖ ಬರುತ್ತದೆ. ಸಾಕ್ಷಿಯ ದೃಷ್ಟಿಯಿಂದ ನನಗೆ ಅದೇ ದೊಡ್ಡದು. ಭಕ್ತರಾರೂ ‘ಎನಿಸಿಕೊಂಡ’ ಎಂದು ಸೇರಿಸುವುದಿಲ್ಲ.

ವಿದ್ಯಾರ್ಥಿನಿಯೊಬ್ಬಳ ಪ್ರಶ್ನೆ: ‘ಕೊನೆಗೂ ಮೂಲಪಾಠ ಸಿಗುತ್ತದೆಯೇ ಸರ್, ಈ ಕೆಲಸ ಯಾವಾಗ ಮುಗಿಯುತ್ತದೆ?’

ಜರ್ಮನಿಯ ಮ್ಯೂನ್‌ಸ್ಟರ್ ನಗರದ ಸಂಸ್ಥೆಯಲ್ಲಿ ಆ ಕೆಲಸ ಇಂದಿಗೂ ನಡೆಯುತ್ತಿದೆ. ಯಾವ ಪ್ರತಿ ಯಾವುದರ ಮಗ, ಯಾವುದರ ಸೋದರ ಎಂಬ ವಂಶವೃಕ್ಷದ ಲೆಕ್ಕವನ್ನು ಈಗ ಕಂಪ್ಯೂಟರಿನ ಸಹಾಯದಿಂದ ಮಾಡುತ್ತಾರೆ. 2012ರಲ್ಲಿ ವಿದ್ವಾಂಸರು ಬಳಸುವ ಗ್ರೀಕ್ ಪಾಠದ ಇಪ್ಪತ್ತೆಂಟನೆಯ ಆವೃತ್ತಿ ಬಂದಾಗ ಸಣ್ಣ ಪತ್ರಗಳ ಭಾಗದಲ್ಲಿ ಕೆಲವು ಬದಲಾವಣೆಗಳಾದವು. ಪೇತ್ರನ ಎರಡನೆಯ ಪತ್ರದ ಮೂರನೆಯ ಅಧ್ಯಾಯದಲ್ಲಿ, ಲೋಕಾಂತ್ಯದಲ್ಲಿ ಭೂಮಿಯೂ ಅದರ ಮೇಲಿನ ಕೆಲಸಗಳೂ ‘ಕಂಡುಬರುವವು’ ಎಂದಿದ್ದ ಪಾಠಕ್ಕೆ ಸಂಪಾದಕರು ಒಂದು ‘ಇಲ್ಲ’ ಸೇರಿಸಿ ‘ಕಂಡುಬರುವುದಿಲ್ಲ’ ಎಂದು ಮಾಡಿದರು. ಈ ‘ಇಲ್ಲ’ ನಮಗೆ ಸಿಕ್ಕಿರುವ ಯಾವ ಗ್ರೀಕ್ ಹಸ್ತಪ್ರತಿಯಲ್ಲೂ ಇಲ್ಲ. ಇರುವುದು ಕಾಪ್ಟಿಕ್ ಮತ್ತು ಸಿರಿಯಾಕ್ ಅನುವಾದಗಳಲ್ಲಿ ಮಾತ್ರ. ಗ್ರೀಕ್ ಪ್ರತಿ ಒಂದೂ ಜೊತೆಗೆ ನಿಲ್ಲದಿದ್ದರೂ, ಅವುಗಳೆಲ್ಲದರ ಹಿಂದೆ ಒಂದು ಹಳೆಯ ಕೈತಪ್ಪಿದೆ ಎಂದು ಅವರು ತೀರ್ಮಾನಿಸಿದ್ದಾರೆ. ಸರಿಯೋ ತಪ್ಪೋ ಎಂದು ತಜ್ಞರು ಈಗಲೂ ಕಚ್ಚಾಡುತ್ತಿದ್ದಾರೆ. ನನಗೆ ಆ ‘ಇಲ್ಲ’ ಒಪ್ಪಿಗೆಯಿಲ್ಲ: ‘ಕಂಡುಬರುವವು’ ಎಂಬುದೇ ಕಷ್ಟದ ಪಾಠ, ಅರ್ಥವಾಗದ್ದನ್ನು ಸುಲಭ ಮಾಡಲು ಅನುವಾದಕರು ‘ಇಲ್ಲ’ ಸೇರಿಸಿರುವ ಸಾಧ್ಯತೆಯೇ ಹೆಚ್ಚು. ಗ್ರೀಕ್ ಕಲಿತು ಬಾರಮ್ಮಾ, ನೀನೂ ಒಂದು ಪಕ್ಷ ಹಿಡಿಯಬಹುದು.